ಎಣ್ಣಿ ನೆಕ್ಕಾಂವ

ಹೋದ ವಾರ ಒಂದು ಬೆಳಿಗ್ಗೆ ಮೊಬೈಲ್ ತೆರೆದರೆ ಸ್ಟೇಟಸ್ಸುಗಳ ತುಂಬ ಆತನ ಫೋಟೋ. ಕೊರಳಿಗೆ ಕಂಪ್ಯೂಟರಿನಲ್ಲಿ ಹಾಕಿದ ಹೂವಿನ ಹಾರ, ಎರಡೂ ಪಕ್ಕ ಅಲುಗಾಡುವ ದೀಪ, ಕೆಳಗೆ 'ನಮ್ಮ ಗುರುಗಳು, ಮತ್ತೆ ಹುಟ್ಟಿ ಬನ್ನಿ' ಎಂಬ ಬರಹ. ಹಾಕಿದವರು ಸೇಡಂ, ವಾಡಿ, ಶಹಾಬಾದಿನ ಗ್ಯಾರೇಜಿನವರು. ಆತ ಬದುಕಿದ್ದಾಗ ಬೆನ್ನ ಹಿಂದೆ 'ಎಣ್ಣಿ ನೆಕ್ಕಾಂವ' ಎಂದು ಕರೆದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕವರೂ ಇವರೇ. ಒಬ್ಬನಂತೂ ಆತ ನಾಲಿಗೆ ಚಾಚಿದ್ದನ್ನು ಕದ್ದು ವಿಡಿಯೋ ಮಾಡಿ ಊರಿಗೆಲ್ಲ ಹಂಚಿದ್ದ. ಈಗ ಅವನ ಸ್ಟೇಟಸ್ಸಿನಲ್ಲೇ ಹಾರ ಎಲ್ಲರಿಗಿಂತ ದಪ್ಪ. ನನಗೆ ಹೇಸಿಗೆ ಬಂತು. ಕೈಯಲ್ಲಿದ್ದ ಚಹಾ ಅಲ್ಲೇ ಇಟ್ಟೆ.

ಹೇಸಿಕೊಳ್ಳುವ ಹಕ್ಕು ನನಗೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಹೆಸರನ್ನು ನಾನೂ ಬಳಸಿದ್ದೇನೆ. ಆತನ ಎದುರು ನಿಂತು ಅದಕ್ಕಿಂತ ಕೆಟ್ಟ ಮಾತನ್ನೂ ಆಡಿದ್ದೇನೆ. ಈಗ ಇದನ್ನು ಬರೆಯಲು ಕುಳಿತಾಗ 'ಅವರು' ಎಂದು ಶುರು ಮಾಡಿದೆ. ಆ ಹಾರ, ಆ ದೀಪ ನೆನಪಾಗಿ ಹೊಡೆದು ಹಾಕಿದೆ. ಇದ್ದಾಗ ಕೊಡದ ಮರ್ಯಾದೆಯನ್ನು ಸತ್ತ ಮೇಲೆ ಕೊಡುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ಆತ ಎಂದೇ ಬರೆಯುತ್ತೇನೆ.

ಆತ ಗೇರ್‌ಬಾಕ್ಸ್ ಮೇಸ್ತ್ರಿ. ಶಹಾಬಾದಿನ ಹತ್ತಿರ ಭಂಕೂರ ಕ್ರಾಸಿನಲ್ಲಿ ತಗಡು ಹೊದಿಸಿದ ಶೆಡ್ಡು, ಗೋಡೆಗೂ ನೆಲಕ್ಕೂ ಒಡೆದ ಫರ್ಸಿ ಕಲ್ಲು, ಎಲ್ಲದರ ಮೇಲೂ ಬೂದು ಬಣ್ಣದ ಸಿಮೆಂಟು ದೂಳು. ಬೋರ್ಡಿಲ್ಲ. ಸಿಮೆಂಟು ಕಾರ್ಖಾನೆಯ ಸುಣ್ಣದಕಲ್ಲಿನ ಖಣಿಗಳಲ್ಲಿ ಓಡುವ ದೊಡ್ಡ ಡಂಪರುಗಳಿಗೆ ಕ್ಲಚ್ಚಿರುವುದಿಲ್ಲವಂತೆ, ಎಣ್ಣೆಯ ಒತ್ತಡದಲ್ಲೇ ಅವುಗಳ ಗೇರು ಬೀಳುತ್ತದಂತೆ. ಆತ ಇಪ್ಪತ್ತು ವರ್ಷ ಕಂತ್ರಾಟಿನ ಮೇಲೆ ಆ ಡಂಪರುಗಳ ಹೊಟ್ಟೆಯ ಕೆಳಗೆ ಮಲಗಿ ಕಲಿತವನು. ಹಾಗಾಗಿ ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಇದ್ದಬದ್ದ ಆಟೋಮ್ಯಾಟಿಕ್ ಕಾರುಗಳಿಗೆಲ್ಲ ಆತನೊಬ್ಬನೇ ಗತಿ. ಆದಿತ್ಯನಗರದ ಸಿಮೆಂಟು ಕಾಲೋನಿಯ ಅಧಿಕಾರಿಗಳ ಗಾಡಿಗಳೂ ಕೊನೆಗೆ ಅಲ್ಲಿಗೇ ಬರುತ್ತಿದ್ದವು. ಬಂದವರು ಮೂಗು ಮುಚ್ಚಿಕೊಂಡು ನಿಲ್ಲುತ್ತಿದ್ದರು.

ನನ್ನ ಕಾರೂ ಆಟೋಮ್ಯಾಟಿಕ್, ಹದಿನೇಳು ವರ್ಷದ್ದು. ಹೈದರಾಬಾದಿನ ಒಬ್ಬ ವಯಸ್ಸಾದ ಡಾಕ್ಟರರಿಂದ ಕೊಂಡದ್ದು. ನನ್ನ ಎಡಗಾಲು ಎರಡನೇ ವರ್ಷಕ್ಕೇ ಪೋಲಿಯೋ ಬಂದು ಬತ್ತಿದೆ. ಕ್ಲಚ್ ತುಳಿಯಲು ಬಾರದು. ನಲವತ್ತೈದರವರೆಗೆ ನಾನು ಎಲ್ಲಿಗೆ ಹೋದರೂ ಯಾರೋ ಕರೆದೊಯ್ದು ಬಿಟ್ಟದ್ದೇ. ಶಾಲೆಗೆ ಅಣ್ಣನ ಹೆಗಲ ಮೇಲೆ, ಕಾಲೇಜಿಗೆ ಅಣ್ಣನ ಸೈಕಲ್ಲಿನ ಹಿಂದೆ, ಚಿಂಚೋಳಿ ಕಡೆಯ ಆಸ್ಪತ್ರೆಯಲ್ಲಿ ಲ್ಯಾಬಿನ ಕೆಲಸ ಸಿಕ್ಕ ಮೇಲೆ ಅಣ್ಣ ಗೊತ್ತು ಮಾಡಿದ ಜೀಪಿನಲ್ಲಿ. ಕಾರು ಬಂದ ಮೊದಲ ಭಾನುವಾರ ನಾನೊಬ್ಬಳೇ ಸೇಡಂನಿಂದ ಮಳಖೇಡಕ್ಕೆ ಹೋದೆ. ಅಲ್ಲಿ ನನಗೆ ಏನೂ ಕೆಲಸವಿರಲಿಲ್ಲ. ಕಾಗಿಣಾ ಹೊಳೆ ನೋಡಿದೆ, ತಿರುಗಿ ಬಂದೆ. ಯಾರನ್ನೂ ಕೇಳಿ ಹೋಗಲಿಲ್ಲ, ಯಾರಿಗೂ ಹೇಳಿ ಬರಲಿಲ್ಲ. ನಲವತ್ತೈದು ವರ್ಷದ ಹೆಂಗಸು ಸ್ಟಿಯರಿಂಗ್ ಹಿಡಿದು ಅಳುತ್ತಿರುವುದನ್ನು ನೋಡಿ ಒಬ್ಬ ಟಂಟಂ ಆಟೋದವನು ಹಾರ್ನ್ ಹೊಡೆದ.

ಆ ಗಾಡಿ ಒಂದು ಬೇಸಿಗೆಯಲ್ಲಿ ಹಠ ಹಿಡಿಯಿತು. ಎರಡನೇ ಗೇರಿನಿಂದ ಮೂರಕ್ಕೆ ಏರಲೊಲ್ಲದು. ಎಂಜಿನ್ ಅರಚುತ್ತದೆ, ಗಾಡಿ ಅಲ್ಲೇ ತೆವಳುತ್ತದೆ. ಬೇಸತ್ತು ಕಾಲು ತೆಗೆದರೆ ಆಗ ಧಡಕ್ಕೆಂದು ಏರುತ್ತದೆ. ಸೇಡಂನಲ್ಲಿ ಮೂರು ಜನಕ್ಕೆ ತೋರಿಸಿದೆ. ಮೊದಲನೆಯವನು ಎಂಜಿನ್ ಬಂದ್ ಮಾಡಿ ಎಣ್ಣೆ ಅಳೆಯುವ ಕಡ್ಡಿ ಎಳೆದು, ಗೇರ್ ಎಣ್ಣೆ ಜಾಸ್ತಿಯಾಗಿದೆ ಎಂದು ಒಂದಿಷ್ಟು ತೆಗೆದುಹಾಕಿದ. ಗಾಡಿ ಇನ್ನೂ ಕೆಟ್ಟಿತು. ಎರಡನೆಯವನು ಕಂಡ ಕಂಡ ವಾಯರೆಲ್ಲ ಬಿಗಿದ. ಮತ್ತೂ ಕೆಟ್ಟಿತು. ಮೂರನೆಯವನು ಬಾನೆಟ್ಟು ಕೂಡ ತೆಗೆಯದೆ, ನನ್ನ ಕಾಲು ನೋಡಿ, ಹಲ್ಲು ಗಿಂಜಿ, ಮಾರಿಬಿಡಿ ಮೇಡಂ, ಒಬ್ಬ ಡ್ರೈವರ್ ಇಟ್ಟುಕೊಳ್ಳಿ ಎಂದ. ಎಲ್ಲರಿಗಿಂತ ನನಗೆ ರೇಜಿಗೆ ಹುಟ್ಟಿಸಿದವನು ಇವನು.

ಹಾಗೆ ಭಂಕೂರಕ್ಕೆ ಹೋದೆ. ಆತ ಸ್ಟೂಲಿನ ಮೇಲೆ ಕುಳಿತು ಗುಟ್ಕಾ ಅಗಿಯುತ್ತಿದ್ದ. ಬನಿಯನ್ನಿಗೆ ಮೂಲ ಬಣ್ಣ ಯಾವುದೆಂದು ಹೇಳುವಂತಿರಲಿಲ್ಲ. ನನ್ನ ಮಾತು ಮುಗಿಯುವ ಮೊದಲೇ ಎದ್ದು, ಪಚಕ್ಕೆಂದು ಉಗಿದು, ಹಿಂದಿನ ಬಾಗಿಲು ತೆಗೆದು ಒಳಗೆ ಕುಳಿತುಬಿಟ್ಟ.

"ಹೊಡೀರಿ ಯಕ್ಕಾ."

"ಎಲ್ಲಿಗೆ?"

"ವಾಡಿ ಕಡಿಗಿ ಹೋಗ್ರಿ. ಮಾತಾಡಬ್ಯಾಡ್ರಿ."

ಕನ್ನಡಿಯಲ್ಲಿ ನೋಡಿದೆ. ಚಪ್ಪಲಿ ಬಿಟ್ಟು, ಬರಿಗಾಲನ್ನು ಗಾಡಿಯ ನೆಲಕ್ಕೆ ಒತ್ತಿ, ಕಣ್ಣು ಮುಚ್ಚಿ ಕುಳಿತಿದ್ದ. ಗ್ರೀಸು, ಬೆವರು, ಗುಟ್ಕಾ ಕೂಡಿದ ನಾತ ನನ್ನ ಕುತ್ತಿಗೆಯ ಹಿಂದೆ ಬಂದು ಕುಳಿತಿತು. ಗೇರು ಬಿದ್ದಾಗೊಮ್ಮೆ "ಒಂದು" ಎನ್ನುತ್ತಿದ್ದ, "ಎರಡು" ಎನ್ನುತ್ತಿದ್ದ. ಮೂರು ಬರದಿದ್ದಾಗ ಸಂಕಟವಾದವನಂತೆ ಮುಖ ಕಿವುಚುತ್ತಿದ್ದ. ತಿರುಗಿ ಬರುವಾಗ ಕಣ್ಣು ಬಿಟ್ಟು ಹೇಳಿದ ಮೊದಲ ಮಾತು ಇದು:

"ಎಡಗಾಲಿಲ್ಲ ಅಂತ ಈ ಗಾಡಿ ತಗೊಂಡೀರಿ. ಬಲಗಾಲರ ಬರಾಬರ್ ಇಡ್ರಿ. ಅಂಜಿ ಅಂಜಿ ತುಳೀಲಿಕತ್ತೀರಿ."

ನನ್ನ ಕಾಲಿನ ಬಗ್ಗೆ ಆವರೆಗೆ ಯಾರೂ ಹಾಗೆ ಮಾತಾಡಿರಲಿಲ್ಲ. ಜನ ಅದನ್ನು ನೋಡದ ಹಾಗೆ ನೋಡುತ್ತಾರೆ, 'ದೇವರ ಇಚ್ಛೆ' ಎನ್ನುತ್ತಾರೆ. ಈತ ಗಾಡಿಯ ಒಂದು ಭಾಗದ ಬಗ್ಗೆ ಹೇಳಿದಂತೆ ಹೇಳಿದ. ಕಿವಿ ಬಿಸಿಯಾಯಿತು. ಇಳಿದು ಹೋಗಿಬಿಡಬೇಕೆನ್ನಿಸಿತು, ಆದರೆ ಇಳಿದು ಎಲ್ಲಿಗೆ ಹೋಗುವುದು, ಗಾಡಿ ಅದೇ ಅಲ್ಲವೆ?

ಶೆಡ್ಡಿನಲ್ಲಿ ಎಂಜಿನ್ ಓಡುತ್ತಿರುವಾಗಲೇ ಗೇರ್‌ಬಾಕ್ಸಿನ ಕಡ್ಡಿ ಎಳೆದ. ಗೋಡೆಯ ಗೂಡಿನಿಂದ ಒಂದು ಬಿಳಿ ಬಟ್ಟೆಯ ಚಿಂದಿ ತೆಗೆದ. ಆ ಶೆಡ್ಡಿನಲ್ಲಿ ಶುಭ್ರವಾಗಿದ್ದದ್ದು ಅದೊಂದೇ: ಒಗೆದು, ಇಸ್ತ್ರಿ ಮಾಡಿದಂತೆ ಮಡಚಿಟ್ಟ ಬಿಳಿ ಚಿಂದಿಗಳ ಅಟ್ಟಿ. ಕಡ್ಡಿಯನ್ನು ಅದಕ್ಕೆ ಒರೆಸಿ ನನ್ನ ಮೂಗಿನ ಹತ್ತಿರ ಹಿಡಿದ.

"ಮೂಸಿ ಹೇಳ್ರಿ. ಸುಟ್ಟ ವಾಸನಿ ಅದ ಏನು?"

ನಾನು ಕರ್ಚೀಫು ಮೂಗಿಗೆ ಒತ್ತಿ ಹಿಂದೆ ಸರಿದೆ. ನಾನ್ಯಾಕೆ ಮೂಸಬೇಕು, ಮೇಸ್ತ್ರಿ ನೀವೋ ನಾನೋ ಎಂದೆ.

"ಏನ್ ಕೆಲ್ಸಾ ಮಾಡ್ತೀರಿ ನೀವು?"

"ಆಸ್ಪತ್ರೆಯಲ್ಲಿ. ಲ್ಯಾಬು."

"ಹಂಗಂದ್ರ ದಿನಾ ಮಂದಿ ಉಚ್ಚಿ ನೋಡ್ತೀರಿ, ಕಫಾ ನೋಡ್ತೀರಿ. ಇದು ಹೊಲಸಾಯ್ತಾ ನಿಮಗ?"

ಹೇಳಿದವನೇ ಬೆರಳಲ್ಲಿ ಆ ಎಣ್ಣೆ ತೆಗೆದು ನಾಲಿಗೆಯ ತುದಿಗೆ ಹಚ್ಚಿಕೊಂಡ. ಬಾಯಿ ಚಪ್ಪರಿಸಿದ. ಉಗಿದ. ಇಪ್ಪತ್ತು ವರ್ಷ ಲ್ಯಾಬಿನಲ್ಲಿ ಏನೆಲ್ಲ ಕಂಡು ವಾಕರಿಸದವಳು ಫರ್ಸಿಯ ಗೋಡೆ ಹಿಡಿದು ನಿಂತೆ.

"ಸುಟ್ಟಿಲ್ಲ," ಎಂದ ಆತ ತಣ್ಣಗೆ. "ಎಣ್ಣಿ ಕಮ್ಮಿ ಅದ. ಗಾಡಿ ಬಂದ್ ಮಾಡಿ ನೋಡ್ಯಾರ ಹರಾಮಖೋರರು. ಚಾಲೂ ಇದ್ದಾಗ ಎಣ್ಣಿ ಮ್ಯಾಲ ತಿರಗ್ತದ. ಬಂದ್ ಮಾಡಿದ್ರ ಪುರಾ ಕೆಳಗ ಇಳದು ಕುಂದರ್ತದ. ಅದನ್ನ ನೋಡಿ ಜಾಸ್ತಿ ಅದ ಅಂತ ತಗದಾರ. ಗಾಡೀನ ಉಪಾಸ ಕೆಡವ್ಯಾರ."

ಎಂಜಿನ್ ಓಡುತ್ತಿದ್ದಂತೆಯೇ ಎಣ್ಣೆ ಹೊಯ್ದ, ನೋಡಿದ, ಮತ್ತೆ ಹೊಯ್ದ. ಬಿಗಿದಿದ್ದ ಒಂದು ವಾಯರನ್ನು ಎರಡು ಸುತ್ತು ಸಡಿಲಿಸಿದ. ಅದು ಎಕ್ಸಲರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ವಾಯರಂತೆ. ನನ್ನ ಕಾಲು ಎಷ್ಟು ತುಳಿದಿದೆ ಎಂಬ ಸುದ್ದಿಯನ್ನು ಗೇರಿಗೆ ಮುಟ್ಟಿಸುವುದು. ಬಿಗಿದರೆ, ನಾನು ಮೆಲ್ಲಗೆ ತುಳಿದರೂ ಜೋರಾಗಿ ತುಳಿದಳು ಎಂದು ಸುಳ್ಳು ಸುದ್ದಿ ಹೋಗುತ್ತದೆ, ಗೇರು ತಡವಾಗಿ ಏರುತ್ತದೆ. ಮುಕ್ಕಾಲು ತಾಸಿನಲ್ಲಿ ಕೆಲಸ ಮುಗಿಯಿತು. ವಾಡಿಯವರೆಗೆ ಹೊಡೆದು ನೋಡಿದೆ. ಒಂದು, ಎರಡು, ಮೂರು, ನಾಲ್ಕು, ಬೆಣ್ಣೆಯಲ್ಲಿ ಕೈ ಇಟ್ಟಂತೆ. ಹಿಂದಿನ ಸೀಟಿನ ಮೇಲೆ ಆತ ಕುಳಿತಲ್ಲಿ ಒಂದು ಕರಿ ಕಲೆ ಉಳಿದಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಇವತ್ತಿಗೂ ಇದೆ.

ಆಮೇಲೆ ಆರು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಪ್ರತಿ ಸಲ ಹೋಗುವಾಗ ಮನಸ್ಸು ಮುದುಡುತ್ತಿತ್ತು, ಬರುವಾಗ ಗಾಡಿ ಹಗುರಾಗಿರುತ್ತಿತ್ತು. ಆತ ಚಹಾ ತರಿಸಿದರೆ ಗ್ಲಾಸಿನ ಮೇಲೆ ಎಣ್ಣೆಯ ಬಣ್ಣ ಬಣ್ಣದ ಪೊರೆ ತೇಲುತ್ತಿತ್ತು. ನಾನು ಉಪವಾಸ ಎಂದು ಸುಳ್ಳು ಹೇಳುತ್ತಿದ್ದೆ. ವಾರದ ಏಳೂ ದಿನ ಉಪವಾಸ ಮಾಡುವ ಶರಣೆ ಎಂದು ಆತ ನನ್ನನ್ನು ಕಿಚಾಯಿಸುತ್ತಿದ್ದ.

ಗಾಡಿ ಬಿಚ್ಚುವುದೆಂದರೆ ಆತನಿಗೆ ಸಿಟ್ಟು. "ಬಿಚ್ಚೂದು ಕಡೀ ಕೆಲ್ಸಾ. ಮದಲ ಎಣ್ಣಿ ನೋಡ್ಬೇಕು, ಆಮ್ಯಾಲ ವಾಯರ್ ನೋಡ್ಬೇಕು, ಆಮ್ಯಾಲ ಹೊಡಿಯೋ ಮನಷ್ಯಾನ ನೋಡ್ಬೇಕು," ಎನ್ನುತ್ತಿದ್ದ. ಅದಕ್ಕೇ ಹಿಂದಿನ ಸೀಟು. ಕೆಟ್ಟ ಗಾಡಿಗಿಂತ ಕೆಟ್ಟ ಕಾಲುಗಳೇ ಜಾಸ್ತಿ ಎಂಬುದು ಆತನ ಲೆಕ್ಕ. ನಿಂತ ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತಂದವರನ್ನು ಒಳಗೇ ಬಿಡುತ್ತಿರಲಿಲ್ಲ. "ಇದು ಎಳಿಯೋ ಗಾಡಿ ಅಲ್ಲ, ಹೊರೋ ಗಾಡಿ. ಎಂಜಿನ್ ಬಂದ್ ಇದ್ದು ಗಾಲಿ ತಿರಗಿದ್ರ ಒಳಗ ಎಣ್ಣಿ ಇಲ್ದ ಸುಡ್ತದ. ಲಾರಿ ಮ್ಯಾಲ ಹೊತ್ಕೊಂಡ್ ಬರ್ರಿ!" ಒಬ್ಬ ಗುತ್ತಿಗೆದಾರ ಬಿಳಿ ಬಟ್ಟೆ ಬಿಳಿ ಶೂಗಳಲ್ಲಿ ಬಂದು, ನನ್ನ ಗಾಡಿ ಮೊದಲು ನೋಡು ಎಂದಾಗ, ಆತ ಎಣ್ಣೆಯ ಚಿಂದಿಯನ್ನು ಅವನ ಮೂಗಿಗೆ ಹಿಡಿದು "ಮೂಸು" ಎಂದಿದ್ದ. ಗುತ್ತಿಗೆದಾರ ಬೈದು ಹೋದ. ಎಲ್ಲರಿಗೂ ಆತ ಹೀಗೇ ಹಿಡಿಯುತ್ತಿದ್ದ. ಬಂದವರಿಗೆ ಅವಮಾನ ಮಾಡುವುದೇ ಅವನ ಚಾಳಿ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹಾಗೇ ತಿಳಿದಿದ್ದೆ. ಯಾರೂ ಮೂಸುತ್ತಿರಲಿಲ್ಲ. ಮೂಸದಿದ್ದರೆ ಆತ ನೆಕ್ಕುತ್ತಿದ್ದ.

ಒಂದು ವಿಷಯದಲ್ಲಿ ಮಾತ್ರ ನನಗೆ ಆತ ಗುರುತಿನವನಂತೆ ಕಾಣುತ್ತಿದ್ದ. ಶೆಡ್ಡಿನ ಹಿಂದಿನ ಗೋಡೆಯ ತುಂಬ ಮೊಳೆಗಳು. ಒಂದೊಂದು ಗಾಡಿಗೂ ಒಂದು ಮೊಳೆ, ಮೇಲೆ ಸೀಮೆಸುಣ್ಣದಲ್ಲಿ ನಂಬರು. ಎಣ್ಣೆ ನೋಡಿದಾಗೊಮ್ಮೆ ಆ ಚಿಂದಿಯನ್ನು ಮೊಳೆಗೆ ಸಿಕ್ಕಿಸುತ್ತಿದ್ದ. ಗುಲಾಬಿ ಬಣ್ಣದ್ದು, ಕೆಂಪು, ಕಂದು, ಕರಿದು. ಯಾವ ಗಾಡಿ ಯಾವಾಗಿಂದ ಕೆಡುತ್ತ ಬಂದಿದೆ ಎಂದು ಗೋಡೆಯೇ ಹೇಳುತ್ತಿತ್ತು. ನಾನು ಲ್ಯಾಬಿನಲ್ಲಿ ರೋಗಿಯ ಹಳೇ ರಿಪೋರ್ಟುಗಳನ್ನು ಸಾಲಾಗಿ ಇಟ್ಟು ನೋಡುವುದೂ ಹೀಗೆಯೇ. ನನ್ನ ಮೊಳೆಗೆ ಐದು ಚಿಂದಿ, ಐದೂ ಗುಲಾಬಿ.

ಆರನೆಯದು ಕಂದಾಗಿತ್ತು.

ಅದು ಹೋದ ವರ್ಷದ ಮಾತು. ಗೇರಿನ ಹಿಡಿಯನ್ನು 'ಡಿ'ಗೆ ಹಾಕಿದ ಕೂಡಲೇ ಗಾಡಿ ಒಂದು ಏಟು ಕೊಡುತ್ತಿತ್ತು, ಮೂರನೇ ಗೇರಿನಲ್ಲಿ ಜಾರುತ್ತಿತ್ತು. ಆತ ಹಿಂದೆ ಕುಳಿತು ವಾಡಿಯವರೆಗೆ ಬಂದ. ಚಿಂದಿ ನನ್ನ ಮುಂದೆ ಹಿಡಿದ, ನಾನು ಎಂದಿನಂತೆ ಮುಖ ತಿರುಗಿಸಿದೆ. ಆತ ನೆಕ್ಕಿದ. ಈ ಸಲ ಬಹಳ ಹೊತ್ತು ಬಾಯಾಡಿಸಿದ.

"ಕಹಿ ಅದ. ಯಕ್ಕಾ, ಈ ಗಾಡಿ ನೀವೊಬ್ರೇ ಹೊಡೀತಿಲ್ಲ. ಇನ್ಯಾರೋ ಹೊಡೀಲಿಕತ್ತಾರ."

"ಭಾನುವಾರ ಅಣ್ಣ ಒಯ್ಯುತ್ತಾನೆ. ಪೆಟ್ರೋಲು ಹಾಕಿಸಿಕೊಂಡು ಬರುತ್ತಾನೆ."

"ಅಣ್ಣ ಲಾರಿ ಹೊಡೀತಾರೇನು?"

ಇಪ್ಪತ್ತೈದು ವರ್ಷ ಫರ್ಸಿ ಲಾರಿ ಹೊಡೆದಿದ್ದಾನೆ, ಈಗ ಅವನದೇ ಎರಡು ಲಾರಿ ಇವೆ ಎಂದೆ.

"ಹಂಗಾದ್ರ ಇಳಿಜಾರದಾಗ ನ್ಯೂಟ್ರಲ್ ಮಾಡಿ ಚಾವಿ ಬಂದ್ ಮಾಡ್ತಾರ. ಕಲ್ಲಿನ ಲಾರಿಯವರದು ಇದೇ ಚಾಳಿ, ಡೀಸೆಲ್ ಉಳಸಾಕ. ಲಾರಿಗಿ ನಡೀತದ. ಇದಕ್ಕ ಚಾವಿ ಬಂದ್ ಆದ್ರ ಎಣ್ಣಿ ಬಂದ್, ಗಾಲಿ ಮಾತ್ರ ತಿರಗ್ತಾವ. ಒಳಗ ಒಣಾ ಒಣಾ ಸುಡ್ತದ. ಹಿಂಗ ಮಾಡಿದ್ರ ಎರಡ ತಿಂಗಳ್ದಾಗ ಗಾಡಿ ಖತಂ. ಈ ಚಾಳಿ ಈಗೇ ಬಿಟ್ರ ನಾ ಉಳಸ್ತೀನಿ."

ಮನೆಗೆ ಬಂದು ಅಣ್ಣನನ್ನು ಕೇಳಿದೆ. ಹಣೆಯ ತುಂಬ ವಿಭೂತಿ, ಊಟಕ್ಕೆ ಕುಳಿತಿದ್ದ. ಒಂದು ಗಳಿಗೆ ತುತ್ತು ಕೈಯಲ್ಲೇ ನಿಂತಿತು. "ನಾ ಯಾಕ ಹಂಗ ಮಾಡ್ಲಿ? ನಿನ್ನ ಗಾಡಿ ನಂಗ ಗೊತ್ತಿಲ್ಲೇನು?" ಎಂದ. ಆ ಒಂದು ಗಳಿಗೆಯನ್ನು ನಾನು ಕಂಡೆ, ಕಂಡೂ ಕಾಣದ ಹಾಗೆ ಮಾಡಿದೆ. ನನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಒಯ್ದವನು ಸುಳ್ಳು ಹೇಳುತ್ತಾನೆ ಎಂದು ನಂಬುವುದಕ್ಕಿಂತ ಗುಟ್ಕಾ ಉಗಿಯುವವನು ಸುಳ್ಳು ಹೇಳುತ್ತಾನೆ ಎಂದು ನಂಬುವುದು ಸುಲಭವಿತ್ತು.

ಮರುದಿನ ಅಣ್ಣನೇ ನನ್ನ ಜೊತೆ ಭಂಕೂರಕ್ಕೆ ಬಂದ. ಶೆಡ್ಡಿನಲ್ಲಿ ನಾಲ್ಕೈದು ಜನರಿದ್ದರು. ಅಣ್ಣ ಏರುದನಿಯಲ್ಲಿ ಶುರು ಮಾಡಿದ.

"ಇಪ್ಪತ್ತೈದು ವರ್ಷ ಲಾರಿ ಹೊಡದೀನಿ, ನಂಗ ಗಾಡಿ ಹೊಡಿಯೋದು ಕಲಸ್ತಿ? ನೀನ ಕೆಡಿಸಿ ನನ್ನ ಮ್ಯಾಲ ಹಾಕ್ತಿ?"

ಆತ ಕಡ್ಡಿ ಎಳೆದು, ಹೊಸ ಚಿಂದಿಗೆ ಒರೆಸಿ ಅಣ್ಣನ ಮುಂದೆ ಹಿಡಿದ. "ಜಗಳ ಬ್ಯಾಡ್ರಿ. ಮೂಸಿ ನೀವೇ ಹೇಳ್ರಿ, ಸುಟ್ಟದೋ ಇಲ್ಲೋ."

"ನಾ ಯಾಕ ಮೂಸ್ಲಿ? ನಿನಗ ಮೂಗಿಲ್ಲೇನು?"

ನಿಂತ ಜನ ನಕ್ಕರು. ಆತ ಮೊದಲ ಸಲ ತಲೆ ಕೆಳಗೆ ಹಾಕಿದ್ದನ್ನು ನಾನು ನೋಡಿದೆ. ಸಿಕ್ಕಿಬಿದ್ದ, ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ. ಆಮೇಲೆ ಆತ ನನ್ನ ಕಡೆ ತಿರುಗಿ ಚಿಂದಿ ಚಾಚಿದ. "ಯಕ್ಕಾ, ನೀವರ?"

ಆಗ ನಾನು ಹೇಳಿದ ಮಾತು ಇದು. "ಕೈ ಹಿಂದಕ್ಕ ತಗೀರಿ. ನಿಮ್ಮಂಥ ಹೊಲಸು ಮನುಷ್ಯಾನ ಹಂತೇಲಿ ಗಾಡಿ ತಂದದ್ದೇ ನಂದು ತಪ್ಪು."

ಆತ ಕೈ ಹಿಂದಕ್ಕೆ ತೆಗೆದುಕೊಂಡ. ಚಿಂದಿಯನ್ನು ನನ್ನ ಮೊಳೆಗೆ ಸಿಕ್ಕಿಸಿದ. ಗಾಡಿ ಹೊರಡುವಾಗ ಕಿಟಕಿಯ ಹತ್ತಿರ ಬಂದು, ಅಣ್ಣನಿಗೆ ಕೇಳಿಸದ ಹಾಗೆ, "ಇಳಿಜಾರದಾಗ ನೀವ ಹೊಡೀರಿ," ಎಂದ. ನಾನು ಗಾಜು ಏರಿಸಿದೆ.

ಮೂರು ವಾರದ ನಂತರ ನನಗೆ ಜ್ವರ ಬಂದು ಚಿಂಚೋಳಿಯಲ್ಲೇ ಉಳಿದೆ. ಅಣ್ಣ ಬಸ್ಸಿಗೆ ಬಂದು, ನನ್ನ ಕಾರಿನಲ್ಲೇ ನನ್ನನ್ನು ಕರೆದುಕೊಂಡು ಹೊರಟ. ಚಂದ್ರಂಪಳ್ಳಿಯ ಕಡೆ ಅವನಿಗೆ ಯಾರನ್ನೋ ನೋಡುವುದಿತ್ತು, ಆ ದಾರಿಯಿಂದಲೇ ಬಂದೆವು. ನಾನು ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ್ದೆ. ಮಧ್ಯಾಹ್ನದ ಬಿಸಿಲು, ಕಾಡಿನ ರಸ್ತೆ. ಇಳಿಜಾರು ಶುರುವಾದಲ್ಲಿ ಗೇರಿನ ಹಿಡಿ ಟಕ್ಕೆಂದಿತು, ಚಾವಿ ತಿರುಗಿತು, ಎಂಜಿನ್ ಸುಮ್ಮನಾಯಿತು. ಗಾಳಿ ಮತ್ತು ಟೈರಿನ ಸದ್ದು ಮಾತ್ರ. ಅಣ್ಣ ಮೆಲ್ಲಗೆ ಹಾಡು ಗುನುಗುತ್ತಿದ್ದ. ಕೆಳಗೆ ಬಂದ ಮೇಲೆ ಚಾವಿ, ಹಿಡಿ, ನಂತರ ನನ್ನ ಬೆನ್ನಿಗೆ ಒದ್ದಂಥ ಏಟು.

ಅವನು ನನ್ನ ಪೆಟ್ರೋಲು ಉಳಿಸುತ್ತಿದ್ದ, ಅಷ್ಟೇ. ಇಪ್ಪತ್ತೈದು ವರ್ಷದ ಕೈ ಅದು, ಅವನನ್ನು ಕೇಳದೆ ತಾನೇ ಹೋಗುತ್ತದೆ. ಅದನ್ನು ನಾನು ಕ್ಷಮಿಸಬಲ್ಲೆ. ಒಂದು ತುತ್ತು ಕೈಯಲ್ಲಿ ಹಿಡಿದು ಹೇಳಿದ ಆ ಸುಳ್ಳನ್ನು? ಅದಕ್ಕಿಂತ ನನ್ನನ್ನು? ನಾನು ಕಣ್ಣು ತೆರೆಯಲಿಲ್ಲ. ನಿದ್ದೆ ಬಂದವಳಂತೆ ಸೇಡಂನವರೆಗೆ ಬಂದೆ. ಒಂದು ಮಾತು ಆಡಿದ್ದರೆ ಗಾಡಿ ಉಳಿಯುತ್ತಿತ್ತು. ಅವತ್ತೇ ಭಂಕೂರಕ್ಕೆ ಹೋಗಿದ್ದರೆ ಖಂಡಿತ ಉಳಿಯುತ್ತಿತ್ತು. ಆ ಮನುಷ್ಯನ ಬಾಯಿ, ಆ ನಾತ, ಆ ಎಂಜಲು, ಹೇಗೆ ಮತ್ತೆ ಹೋಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ನಾಚಿಕೆಗೆ ಹೇಸಿಗೆ ಎಂದು ಹೆಸರಿಟ್ಟು ಮನೆಯಲ್ಲಿ ಕುಳಿತೆ.

ಹತ್ತು ದಿನಕ್ಕೆ ಸೇಡಂ ರಸ್ತೆಯಲ್ಲಿ ಗಾಡಿ ನಿಂತಿತು. ಎಂಜಿನ್ ಕೂಗುತ್ತಿದೆ, ಗಾಲಿ ಕದಲುತ್ತಿಲ್ಲ. ಅಣ್ಣ ಟ್ರ್ಯಾಕ್ಟರ್ ಕಳಿಸಿದ. ನಾನು ಹಗ್ಗ ಕಟ್ಟಲು ಬಿಡಲಿಲ್ಲ. "ಇದು ಎಳಿಯೋ ಗಾಡಿ ಅಲ್ಲ, ಹೊರೋ ಗಾಡಿ," ಎಂದು ರಸ್ತೆಯ ನಡುವೆ ನಿಂತು ಕೂಗಿದೆ. ಟ್ರ್ಯಾಕ್ಟರಿನವನಿಗೆ ತಲೆಬುಡ ತಿಳಿಯಲಿಲ್ಲ. ಕೊನೆಗೆ ಅಣ್ಣನದೇ ಲಾರಿ ಬಂದು ಹೊತ್ತು ತಂದಿತು. ಅಂದಿನಿಂದ ಕಾರು ಅಂಗಳದ ಬೇವಿನ ಮರದ ಕೆಳಗಿದೆ. ಅಣ್ಣನ ಸೊಸೆ ಅದರ ಬಾನೆಟ್ಟಿನ ಮೇಲೆ ಹಪ್ಪಳ ಒಣಗಿಸುತ್ತಾಳೆ. ನಾನು ಬೆಳಿಗ್ಗೆ ಎಂಟಕ್ಕೆ ತಯಾರಾಗಿ ಕಟ್ಟೆಯ ಮೇಲೆ ಕುಳಿತಿರುತ್ತೇನೆ. ಯಾರಾದರೂ ಬೈಕು ತೆಗೆದರೆ ಬಸ್‌ಸ್ಟ್ಯಾಂಡಿನವರೆಗೆ ಬಿಡುತ್ತಾರೆ. "ನಾ ಅದೀನಲ್ಲ, ಎಲ್ಲಿ ಬೇಕಲ್ಲಿ ಬಿಡ್ತೀನಿ," ಎನ್ನುತ್ತಾನೆ ಅಣ್ಣ ಪ್ರೀತಿಯಿಂದ. ಆ ಪ್ರೀತಿ ನನ್ನ ಮೈಗೆ ಜಿಡ್ಡಿನಂತೆ ಅಂಟಿಕೊಳ್ಳುತ್ತದೆ. ಹತ್ತು ತಿಂಗಳಾಯಿತು. ಮಳಖೇಡ ನೋಡಿಲ್ಲ.

ಸ್ಟೇಟಸ್ ನೋಡಿದ ಐದನೇ ದಿನ ನಾನು ಬಸ್ಸಿಗೆ ಚಿತ್ತಾಪುರ, ಅಲ್ಲಿಂದ ವಾಡಿ, ಅಲ್ಲಿಂದ ಆಟೋ ಹಿಡಿದು ಭಂಕೂರಕ್ಕೆ ಹೋದೆ. ಕ್ರಾಸಿನಲ್ಲಿ ಆಳೆತ್ತರದ ಫ್ಲೆಕ್ಸು ಕಟ್ಟಿದ್ದರು. ಶೆಡ್ಡಿನಲ್ಲಿ ಆತನ ಹೆಂಡತಿ ಒಬ್ಬಳೇ ಪಾನಾ, ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಎದೆನೋವು, ಸ್ಟೂಲಿನ ಮೇಲೆ ಕುಳಿತಲ್ಲೇ ಹೋದ ಎಂದಳು. ನನ್ನ ಕಾಲು ನೋಡಿ ಅವಳೇ ಗುರುತು ಹಿಡಿದಳು.

"ಕುಂದ್ರಿ ಯಕ್ಕಾ. ಉಪಾಸದ ಯಕ್ಕಾ ಅಲ್ಲೇನು ನೀವು?"

ಕುಳಿತೆ. ಬಿಳಿ ಚಿಂದಿಗಳ ಅಟ್ಟಿ ಗೂಡಿನಲ್ಲಿ ಹಾಗೇ ಇತ್ತು. ಅವನ್ನು ಒಗೆದು ಮಡಚುತ್ತಿದ್ದವಳು ಅವಳೇ ಅಂತೆ. ಅವರ ಬಾಯಿ ಕೆಟ್ಟುಹೋಗಿತ್ತು, ಎಣ್ಣೆ ನಾಲಿಗೆಗೆ ಹಚ್ಚಬೇಡಿ ಎಂದು ಎಷ್ಟು ಸಲ ಹೇಳಿದೆ ಎಂದಳು. ನಾನು ಸುಮ್ಮನೆ, ಯಾಕೆ ಹಚ್ಚುತ್ತಿದ್ದರು ಎಂದು ಕೇಳಿದೆ.

"ಇನ್ನೇನ್ ಮಾಡ್ಬೇಕ್ರಿ? ಆ ದೊಡ್ಡ ಜ್ವರಾ ಬಂದ ವರ್ಷ ಮೂಗು ಹೋಯ್ತು. ಊದಿನಕಡ್ಡಿ ಹಚ್ಚಿದ್ರೂ ತಿಳೀತಿದ್ದಿಲ್ಲ. ಗೇರಿನ ಕೆಲ್ಸಾ ಪುರಾ ಮೂಗಿನ ಮ್ಯಾಲೇ ರೀ. ಮಂದಿಗಿ ಗೊತ್ತಾದ್ರ ಗಾಡಿ ಬರೂದಿಲ್ಲ ಅಂತ ಯಾರಿಗೂ ಹೇಳ್ಲಿಲ್ಲ. ಗಾಡಿ ತಂದವರಿಗೇ ಮೂಸಿ ಹೇಳ್ರಿ ಅಂತಿದ್ರು. ಯಾರ್ ಮೂಸ್ತಾರ? ಮೂಸ್ಲಿಲ್ಲಂದ್ರ ನಾಲಿಗಿ."

ಆ ವರ್ಷ ನಾನು ದಿನಕ್ಕೆ ಎಷ್ಟು ಮೂಗುಗಳಿಗೆ ಕಡ್ಡಿ ಹಾಕಿದ್ದೆನೋ ಲ್ಯಾಬಿನ ರಿಜಿಸ್ಟರಿಗೇ ಗೊತ್ತು. ವಾಸನೆ ಬರುತ್ತದೆಯೇ, ರುಚಿ ತಿಳಿಯುತ್ತದೆಯೇ ಎಂದು ಕೇಳಿ ಕೇಳಿ ಬರೆದುಕೊಂಡವಳು ನಾನು. ನನ್ನ ಎದುರು ಒಬ್ಬ ಮನುಷ್ಯ ವರ್ಷಗಟ್ಟಲೆ ಚಿಂದಿ ಹಿಡಿದು ನಿಂತರೂ ನನಗೆ ಹೊಳೆಯಲಿಲ್ಲ. ನನ್ನ ಕಣ್ಣು ಆತನ ಬನಿಯನ್ನಿನ ಮೇಲಿತ್ತು. 'ನಿನಗ ಮೂಗಿಲ್ಲೇನು' ಎಂದು ಅಣ್ಣ ಕೇಳಿದಾಗ ಆ ತಲೆ ಯಾಕೆ ಕೆಳಗಾಯಿತು ಎಂದು ಆ ಸ್ಟೂಲಿನ ಪಕ್ಕ ಕುಳಿತಾಗ ತಿಳಿಯಿತು. ನನ್ನ ಬಗ್ಗೆ ನನಗೆ ಇಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

ಎದ್ದು ಗೋಡೆಯ ಹತ್ತಿರ ಹೋದೆ. ನನ್ನ ಮೊಳೆ, ನನ್ನ ನಂಬರು. ಐದು ಗುಲಾಬಿ, ಎರಡು ಕಂದು. ಅವುಗಳ ಮೇಲೆ ಇನ್ನೊಂದು ಚಿಂದಿ ಸಿಕ್ಕಿಸಿತ್ತು, ಒಗೆದ, ಮಡಚಿದ, ಏನೂ ಅಂಟದ ಬಿಳಿ ಚಿಂದಿ. ನಾನು ಅದನ್ನು ನೋಡುತ್ತ ನಿಂತದ್ದನ್ನು ಕಂಡು ಅವಳು ಹೇಳಿದಳು.

"ಅದು ನಿಮ್ದು. ಬರ್ತಾರ, ಗಾಡಿ ಹೊತ್ಕೊಂಡೇ ಬರ್ತಾರ ಅಂತಿದ್ರು. ಯಾರಿಗೂ ತಗೀಲಿಕ್ಕೆ ಬಿಡ್ಲಿಲ್ಲ."

ಅವಳು ಚಹಾ ತಂದಳು. ಮೇಲೆ ಎಣ್ಣೆಯ ಪೊರೆ ತೇಲುತ್ತಿತ್ತು. ಕುಡಿದೆ. ಬಿಳಿ ಚಿಂದಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಂದೆ.

ಮನೆಗೆ ಬಂದಾಗ ಸಂಜೆ ಐದು. ಅಣ್ಣ ಬೇವಿನ ಕಟ್ಟೆಯ ಮೇಲೆ ಕುಳಿತಿದ್ದ. ಎಲ್ಲಿಗೆ ಹೋಗಿದ್ದಿ, ಹೇಳಿದ್ದರೆ ನಾನೇ ಒಯ್ದು ಬಿಡುತ್ತಿರಲಿಲ್ಲವೆ ಎಂದ. ಹಪ್ಪಳದ ಚಾಪೆ ತೆಗೆದು ಬಾನೆಟ್ಟು ಎತ್ತಿದೆ. ಬ್ಯಾಟರಿ ಸತ್ತು ಎಷ್ಟೋ ದಿನವಾಗಿತ್ತು. ಎಂಜಿನ್ ಬಂದ್ ಇದ್ದಾಗ ನೋಡಬಾರದು ಎಂಬುದು ನನಗೆ ಗೊತ್ತು, ಆದರೆ ಈಗ ಅಳೆಯುವುದೇನೂ ಇರಲಿಲ್ಲ. ಕಡ್ಡಿ ಎಳೆದು ಬಿಳಿ ಚಿಂದಿಗೆ ಒರೆಸಿದೆ. ಕಾಡಿಗೆಯಂಥ ಕಪ್ಪು. ಮೂಗಿಗೆ ಹಿಡಿದೆ. ಬಾಣಲೆಯಲ್ಲಿ ಮರೆತ ಎಣ್ಣೆಯ ನಾತ, ಗಂಟಲಿನವರೆಗೆ ಹೋಯಿತು. ಈ ಒಂದು ಕೆಲಸವನ್ನು ಆತ ನನ್ನ ಹತ್ತಿರ ಏಳು ಸಲ ಕೇಳಿದ್ದ.

ಕುಂಟುತ್ತ ಕಟ್ಟೆಯ ಹತ್ತಿರ ಹೋಗಿ ಅಣ್ಣನ ಮುಖದ ಮುಂದೆ ಚಿಂದಿ ಹಿಡಿದೆ.

"ಮೂಸು ಅಣ್ಣಾ."

"ಥೂ, ಹೊಲಸು. ಏನಿದು?"

"ಮೂಸು. ಚಂದ್ರಂಪಳ್ಳಿ ಇಳಿಜಾರದಾಗ ನನಗ ನಿದ್ದಿ ಬಂದಿರಲಿಲ್ಲ."

ಅವನು ನನ್ನನ್ನು ನೋಡಿದ, ಮರದ ಕೆಳಗಿನ ಕಾರನ್ನು ನೋಡಿದ. ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ. ಕೊನೆಗೆ ಅವನು ಮುಖ ಮುಂದೆ ತಂದು ಮೂಸಿದ. ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿಯುತ್ತಿತ್ತು.

"ಸುಟ್ಟದ," ಎಂದ.

ಆತ ಅವತ್ತು ನಮ್ಮಿಬ್ಬರ ಹತ್ತಿರ ಕೇಳಿದ್ದು ಅಷ್ಟೇ ಮಾತು.